ಮೊಲದ ಹೆಸರು ತಿಳಿದುಬಂದಿಲ್ಲ

ಮಧ್ಯಾಹ್ನದ ಊಟ ಮುಗಿಸಿ, ಎಲೆಯಡಿಕೆಯ ಶಾಸ್ತ್ರವನ್ನೂ ತೀರಿಸಿ, ಆರಾಮಕುರ್ಚಿಯಲ್ಲಿ ಮೈಚಾಚಿ, ನಿದ್ರೆಯೆಂದು ಹೇಳಲಾಗದ, ಎಚ್ಚರವೆಂದೂ ಒಪ್ಪಲಾಗದ ಆ ಸಂಧಿಕಾಲವನ್ನು ಸವಿಯುವ ಭಾಗ್ಯವು ನಿವೃತ್ತರಾದವರಿಗೆ ಸರ್ಕಾರ ದಯಪಾಲಿಸುವ ಪಿಂಚಣಿಗಿಂತ ದೊಡ್ಡದೆಂದು ನನ್ನ ಭಾವನೆ. ಈ ಸುಖಕ್ಕೆ ಒತ್ತಾಸೆಯಾಗಿ ಕೆಲವರು ಆಕಾಶವಾಣಿಯನ್ನು ಹಾಕಿಕೊಳ್ಳುವುದುಂಟು. ಕೆಲವರು ವಾರಪತ್ರಿಕೆಯನ್ನು ಮುಖಕ್ಕೆ ಮುಚ್ಚಿಕೊಂಡು, ಓದುತ್ತಿರುವೆವೆಂಬ ಭ್ರಾಂತಿಯನ್ನು ಮನೆಯವರಲ್ಲಿ ಹುಟ್ಟಿಸುವುದೂ ಉಂಟು. ನಾನು ಈಚೆಗೆ ಹಚ್ಚಿಕೊಂಡಿರುವ ಚಟ ಬೇರೆ ಬಗೆಯದು. 1969ರ ಜುಲೈ ತಿಂಗಳಲ್ಲಿ ಚಂದ್ರನಲ್ಲಿಗೆ ಹೋಗಿಬಂದ ಅಪೊಲೊ 11ರ ಯಾತ್ರಿಕರಿಗೂ ಇಲ್ಲಿ ಭೂಮಿಯ ಮೇಲೆ ಹ್ಯೂಸ್ಟನ್ ನಗರದಲ್ಲಿ ಕುಳಿತು ಅವರನ್ನು ವಿಚಾರಿಸಿಕೊಳ್ಳುತ್ತಿದ್ದವರಿಗೂ ನಡೆದ ಸಂಭಾಷಣೆಯ ಧ್ವನಿಮುದ್ರಿಕೆಯನ್ನು ಮೊಬೈಲಿನಲ್ಲಿ ಹಚ್ಚಿ, ಎದೆಯ ಮೇಲಿಟ್ಟುಕೊಂಡು, ಕಣ್ಣು ಮುಚ್ಚುವುದು. ಗೊರಗೊರ ಸದ್ದು, ಒಂದು ಮಾತು, ದೀರ್ಘಮೌನ, ಮತ್ತೆ ಗೊರಗೊರ. ಇದಕ್ಕಿಂತ ಹಿತವಾದ ಜೋಗುಳವನ್ನು ನಾನು ಕೇಳಿಲ್ಲ.

ಮನೆಯಲ್ಲಿ ಇದಕ್ಕೆ ವಿರೋಧ ಹುಟ್ಟಿದ್ದು ಗೊರಗೊರದಿಂದಲ್ಲ, ನಡುನಡುವೆ ಕೇಳಿಬರುವ 'ಬೀಪ್' ಎಂಬ ಸಣ್ಣ ನಾದದಿಂದ. ಭೂಮಿಯವರು ಬಾಯಿ ತೆರೆಯುವ ಮುನ್ನ ಅದು ಒಮ್ಮೆ ಕೇಳುತ್ತದೆ, ಮಾತು ಮುಗಿದೊಡನೆ ಇನ್ನೊಮ್ಮೆ. ಬಲ್ಲವರು ಇದನ್ನು ಕ್ವಿಂಡಾರ್ ನಾದವೆಂದು ಕರೆಯುತ್ತಾರೆ. ದೂರದೂರದ ಖಂಡಗಳಲ್ಲಿ ಆಂಟೆನಾಗಳನ್ನು ಎತ್ತಿ ನಿಲ್ಲಿಸಿಕೊಂಡಿದ್ದ ಕೇಂದ್ರಗಳ ಪ್ರಸಾರಯಂತ್ರಕ್ಕೆ 'ಈಗ ತೆರೆದುಕೊ, ಈಗ ಮುಚ್ಚಿಕೊ' ಎಂದು ಅಪ್ಪಣೆ ಕೊಡುವ ಸಂಜ್ಞೆಯದು. ಇರುವುದು ಕಾಲು ಸೆಕೆಂಡು. ಮೊದಲನೆಯದರ ಕಂಪನ 2525 ಹರ್ಟ್ಸ್, ಎರಡನೆಯದರದು 2475. ಎರಡನೆಯದು ಕೂದಲೆಳೆಯಷ್ಟು ಇಳಿದಿದೆಯೆಂದು ಸಂಗೀತ ಬಲ್ಲ ಮಿತ್ರರೊಬ್ಬರು ಕಿವಿಗೊಟ್ಟು ಕೇಳಿ ತೀರ್ಪಿತ್ತರು. ಆದರೆ ಈ ಸೂಕ್ಷ್ಮಗಳೆಲ್ಲ ನಮ್ಮ ಮನೆಯವರಿಗೆ ಹೇಗೆ ತಿಳಿಯಬೇಕು? "ರೀ, ಯುಪಿಎಸ್ ಕೂಗ್ಕೋತಿದೆ, ಕರೆಂಟ್ ಹೋಯ್ತೋ ಏನೋ ನೋಡಿ" ಎಂದು ಒಳಗಿನಿಂದ ಕೂಗುವರು. ನಾನು ಚಂದ್ರನ ಕಕ್ಷೆಯಲ್ಲಿರುವುದರಿಂದ ಉತ್ತರ ಬಾರದು. ತಾವೇ ಎದ್ದುಬಂದು ಮೆಟ್ಟಿಲ ಕೆಳಗಿನ ಪೆಟ್ಟಿಗೆಯನ್ನು ಬಗ್ಗಿ ನೋಡುವರು. ಅದರ ಹಸಿರು ದೀಪ ನಿಶ್ಚಿಂತೆಯಿಂದ ಉರಿಯುತ್ತಿರುವುದು. ಸದ್ದಿನ ಮೂಲ ನನ್ನ ಎದೆಯೆಂದು ಪತ್ತೆಯಾದ ದಿನ ಅವರು ಕೇಳಿದ ಪ್ರಶ್ನೆ ಸರಳವಾಗಿತ್ತು: "ಎಂದೋ ಹೋಗಿ ಬಂದೋರ ಮಾತು ಈಗ ಕೇಳಿ ನಿಮಗೆ ಏನಾಗ್ಬೇಕು?"

ಏನೂ ಆಗಬೇಕಾದ್ದಿಲ್ಲ. ಆದರೆ ಏನೂ ಆಗಬೇಕಾದ್ದಿಲ್ಲದ ಕೆಲಸವನ್ನು ಎಷ್ಟು ಜನ ಎಷ್ಟು ಶ್ರದ್ಧೆಯಿಂದ ಮಾಡಿದ್ದಾರೆಂಬುದನ್ನು ತಿಳಿದರೆ ನನ್ನ ಸೋಮಾರಿತನಕ್ಕೂ ಒಂದು ಘನತೆ ಬರುತ್ತದೆ. ಹ್ಯೂಸ್ಟನ್ನಿನ ಆ ನಿಯಂತ್ರಣ ಕೊಠಡಿಯಲ್ಲಿಯೂ ಅದರ ಹಿಂದಿನ ಕೊಠಡಿಗಳಲ್ಲಿಯೂ ಕುಳಿತಿದ್ದ ತಂತ್ರಜ್ಞರು ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ತಮ್ಮತಮ್ಮಲ್ಲಿ ಆಡಿಕೊಂಡ ಮಾತುಗಳನ್ನೆಲ್ಲ ಮೂವತ್ತು ಪಥಗಳ ಅಗಲವಾದ ಟೇಪುಗಳ ಮೇಲೆ ಮುದ್ರಿಸಿಡಲಾಗಿತ್ತಂತೆ. ಆ ಟೇಪುಗಳನ್ನು ಕೇಳಿಸಬಲ್ಲ ಸೌಂಡ್‌ಸ್ಕ್ರೈಬರ್ ಎಂಬ ಯಂತ್ರ ಉಳಿದಿದ್ದುದು ಒಂದೇ. ಅದು ಒಂದು ಸಲಕ್ಕೆ ಒಂದೇ ಪಥವನ್ನು ಓದಬಲ್ಲುದಾಗಿತ್ತು. ಮುಂದಿನ ಪಥಕ್ಕೆ ಸರಿಯಬೇಕಾದರೆ ಕೈಯಿಂದ ಹಿಡಿಯನ್ನು ತಿರುಗಿಸಬೇಕಾಗಿತ್ತು. ಟೆಕ್ಸಾಸ್ ವಿಶ್ವವಿದ್ಯಾಲಯದ ಡಲ್ಲಾಸ್ ಕೇಂದ್ರದ ಜಾನ್ ಹ್ಯಾನ್ಸನ್ ಎಂಬ ಪ್ರಾಧ್ಯಾಪಕರು ಲೆಕ್ಕ ಹಾಕಿ ನೋಡಲಾಗಿ, ಎಂಟು ದಿನದ ಅಪೊಲೊ 11ರ ಯಾತ್ರೆಯೊಂದನ್ನೇ ಹೀಗೆ ಪ್ರತಿಮಾಡಿಕೊಳ್ಳಲು ಕನಿಷ್ಠ 170 ವರ್ಷ ಹಿಡಿಯುವುದೆಂದು ತಿಳಿದುಬಂದಿತು. ಎಂಟು ದಿನದ ಸಂಗತಿಗೆ ಆರು ತಲೆಮಾರು! ನಮ್ಮ ಕಡೆಯ ಕೆಲವು ಭಾಗಾದಿ ವ್ಯಾಜ್ಯಗಳನ್ನು ಕಣ್ಣಾರೆ ಕಂಡವನಾದುದರಿಂದ ನನಗೇನೋ ಇದು ಅಸಂಭಾವ್ಯವೆಂದು ತೋರಲಿಲ್ಲ. ಆದರೆ ಅವರು ಮೂವತ್ತು ಪಥಗಳನ್ನೂ ಏಕಕಾಲದಲ್ಲಿ ಓದುವ ಹೊಸ ಸಾಧನವನ್ನು ಆ ಹಳೆಯ ಯಂತ್ರಕ್ಕೆ ಜೋಡಿಸಿ ತಿಂಗಳುಗಳಲ್ಲಿ ಮುಗಿಸಿದರು. ಹೀಗೆ ಸುಮಾರು 19,000 ಗಂಟೆಗಳ ಮಾತು 2018ರ ಹೊತ್ತಿಗೆ ಲೋಕದ ಯಾವ ಮೂಲೆಯಲ್ಲಿ ಕುಳಿತವನಿಗೂ ಕಾಸಿಲ್ಲದೆ ಕೇಳುವಂತಾಯಿತು. ದಿನಕ್ಕೊಂದು ಗಂಟೆಯಂತೆ ಊಟದ ಮೇಲೆ ಕೇಳುತ್ತ ಹೋದರೆ 52 ವರ್ಷಕ್ಕೆ ಸಾಲುತ್ತದೆ. ಅದರಲ್ಲಿ ಮುಕ್ಕಾಲು ಪಾಲು ನಿದ್ರೆಯಲ್ಲಿ ಕಳೆದುಹೋಗುವುದಾದ್ದರಿಂದ ಮತ್ತೆ ಮೊದಲಿನಿಂದ ತೊಡಗಬೇಕಾಗುವುದು.

ಎಚ್ಚರವಾಗಿದ್ದ ಕಾಲು ಪಾಲಿನಲ್ಲಿ ನಾನು ಕೇಳಿದ್ದೇನು? ಚಂದ್ರನ ಮೇಲೆ ಪ್ರಥಮ ಪಾದವನ್ನಿಟ್ಟಾಗ ಆರ್ಮ್‌ಸ್ಟ್ರಾಂಗ್ ಆಡಿದ ವಾಕ್ಯವನ್ನು ಶಾಲೆಯ ಹುಡುಗರೂ ಬಲ್ಲರು. ಅದನ್ನು ಕೇಳಲು ಇಷ್ಟು ದೂರ ಹೋಗಬೇಕಾದ್ದಿಲ್ಲ. ನನ್ನನ್ನು ಹಿಡಿದು ನಿಲ್ಲಿಸಿದ್ದು ಗಂಜಿ. ಚಂದ್ರನತ್ತ ಸಾಗುತ್ತಿದ್ದ ಮೂವರಿಗೆ ಹ್ಯೂಸ್ಟನ್ನಿನವರು ಬೆಳಗಿನ ವರ್ತಮಾನ ಓದಿ ಹೇಳುವ ಪರಿಪಾಠವಿತ್ತು. ಒಂದು ದಿನದ ವರ್ತಮಾನದಲ್ಲಿ, ಇಂಗ್ಲೆಂಡಿನ ಕಾರ್ಬಿ ಎಂಬ ಊರಿನಲ್ಲಿ ನಡೆದ ಗಂಜಿ ಕುಡಿಯುವ ಸ್ಪರ್ಧೆಯಲ್ಲಿ ಐರ್ಲೆಂಡಿನವನೊಬ್ಬನು ಹತ್ತು ನಿಮಿಷದಲ್ಲಿ 23 ಬಟ್ಟಲು ಓಟ್ಸ್ ಗಂಜಿಯನ್ನು ಮುಗಿಸಿ ಜಗತ್ತಿಗೇ ಮೊದಲಿಗನಾದನೆಂದು ಓದಲಾಗುತ್ತದೆ. ಅದಕ್ಕೆ ನೌಕೆಯಿಂದ ಬಂದ ಉತ್ತರ: ಮುಂದಿನ ಸಲ ಆಲ್ಡ್ರಿನ್ನನನ್ನು ಸ್ಪರ್ಧೆಗೆ ಕಳಿಸಬಹುದು, ಈಗಾಗಲೇ ಹತ್ತೊಂಬತ್ತನೆಯ ಬಟ್ಟಲಿನಲ್ಲಿದ್ದಾನೆ! ಮನುಷ್ಯಕುಲದ ಅತಿ ದೊಡ್ಡ ಸಾಹಸಯಾತ್ರೆಯೆಂದು ಪಠ್ಯಪುಸ್ತಕಗಳು ಬಣ್ಣಿಸುವ ಪ್ರಯಾಣದಲ್ಲಿ ಜೊತೆಯವನ ಹೊಟ್ಟೆಬಾಕತನವನ್ನು ಕುರಿತ ಈ ಕುಚೋದ್ಯ ಕೇಳಿದ ಕ್ಷಣದಲ್ಲಿ ಆ ಮೂವರೂ ನನಗೆ ನೆಂಟರಾಗಿಬಿಟ್ಟರು.

ಅವರ ಯಾತ್ರೆಯ ಕಾಲದಲ್ಲಿ ನಾನು ಹಳ್ಳಿಯ ಶಾಲೆಯ ಹುಡುಗ. ಅವರು ಚಂದ್ರನ ಮೇಲೆ ಕಾಲಿಟ್ಟಾಗ ನಮ್ಮ ಗಡಿಯಾರದಲ್ಲಿ ಜುಲೈ 21, ಸೋಮವಾರ ಬೆಳಗಿನ 8 ಗಂಟೆ 26 ನಿಮಿಷ. ಬಿ.ಎಸ್ಸಿ. ಓದಿ ಬಂದು, ಮನೆಗೆಲ್ಲ ತಾವೇ ವಿಜ್ಞಾನದ ವಾರಸುದಾರರೆಂಬ ಗತ್ತಿನಲ್ಲಿದ್ದ ಚಿಕ್ಕಪ್ಪನವರ ಕೋಣೆಯಲ್ಲಿ ಒಂದು ವಾಲ್ವ್ ರೇಡಿಯೋ ಇದ್ದಿತು. ಸುದ್ದಿ ಬಂದೊಡನೆ ಅವರು ಪಡಸಾಲೆಗೆ ಬಂದು, ಕಂಬಕ್ಕೆ ಕೈಕೊಟ್ಟು ನಿಂತು, ವಿಷಯವನ್ನು ತಾವೇ ಹೋಗಿಬಂದವರ ಗಾಂಭೀರ್ಯದಿಂದ ನಿವೇದಿಸಿದರು. ಮೊರದಲ್ಲಿ ಅಕ್ಕಿ ಆರಿಸುತ್ತಿದ್ದ ಅಜ್ಜಿ ತಲೆಯೆತ್ತದೆ, "ಮೊಲ ಕಂಡಿತಂತೇನೋ?" ಎಂದು ಕೇಳಿದಳು. ಚಿಕ್ಕಪ್ಪನವರು ನಕ್ಕರು. "ಅಮ್ಮಾ, ಅಲ್ಲಿ ಬರೀ ಧೂಳು, ಕಲ್ಲು. ಗಾಳಿ ಇಲ್ಲ, ನೀರಿಲ್ಲ. ಮೊಲ ಎಲ್ಲಿಂದ ಬರುತ್ತೆ?" ಎಂದರು. ಅಜ್ಜಿ ಒಂದು ಕಲ್ಲನ್ನು ಆರಿಸಿ ಅಂಗಳಕ್ಕೆ ಎಸೆದು, "ಹೋಗಲಿ ಬಿಡು, ಇವರ ಗದ್ದಲಕ್ಕೆ ಬಿಲ ಸೇರಿರುತ್ತೆ" ಎಂದು ಆ ಪ್ರಸಂಗವನ್ನು ಮುಗಿಸಿದಳು. ಚಿಕ್ಕಪ್ಪನವರು ಈ ಮಾತನ್ನು ಮದುವೆಮುಂಜಿಗಳ ಪಂಕ್ತಿಯಲ್ಲಿ ಎಷ್ಟೋ ವರ್ಷ ಹೇಳಿ ಹೇಳಿ ನಗಿಸಿದರು. ನಕ್ಕವರಲ್ಲಿ ನಾನೂ ಒಬ್ಬ.

ಈಗ ನೋಡಿ. ಅಪೊಲೊ ಯಾತ್ರೆಗಳ ಸಂಭಾಷಣೆಯನ್ನೆಲ್ಲ ಅಕ್ಷರಕ್ಕಿಳಿಸಿ, ಗಳಿಗೆ ಗಳಿಗೆಗೆ ವೇಳೆಯನ್ನು ನಮೂದಿಸಿ, ಸಾರ್ವಜನಿಕರ ಮುಂದಿಟ್ಟಿದ್ದಾರೆ. ಅದರಲ್ಲಿ ಜುಲೈ 20ರಂದು, ಎಂದರೆ ಇಳಿಯುವುದಕ್ಕೆ ಕೆಲವೇ ಗಂಟೆಗಳ ಮುಂಚೆ, ರಾನ್ ಇವಾನ್ಸ್ ಎಂಬವರು ಹ್ಯೂಸ್ಟನ್ನಿನಿಂದ ಯಾತ್ರಿಕರಿಗೆ ಒಂದು ಸೂಚನೆ ಕೊಡುತ್ತಾರೆ: ಚೀನೀಯರ ಪುರಾತನ ಕಥೆಯೊಂದರ ಪ್ರಕಾರ, ಗಂಡನ ಬಳಿಯಿದ್ದ ಅಮರತ್ವದ ಗುಳಿಗೆಯನ್ನು ಕದ್ದ ತಪ್ಪಿಗಾಗಿ ಚಾಂಗ್ ಓ ಎಂಬ ಸುಂದರಿಯು 4,000 ವರ್ಷಗಳಿಂದ ಚಂದ್ರನಲ್ಲಿ ವಾಸವಾಗಿರುವಳು, ಅವಳನ್ನು ಗಮನಿಸಿರಿ, ಜೊತೆಯಲ್ಲಿ ದೊಡ್ಡದೊಂದು ಮೊಲವೂ ಉಂಟು, ದಾಲ್ಚಿನ್ನಿ ಮರದ ನೆರಳಿನಲ್ಲಿ ಯಾವಾಗಲೂ ಹಿಂಗಾಲಿನ ಮೇಲೆಯೇ ನಿಂತಿರುವುದರಿಂದ ಗುರುತಿಸುವುದು ಸುಲಭ. ಇಷ್ಟನ್ನು ಹೇಳಿ, ಮೊಲದ ಹೆಸರು ತಿಳಿದುಬಂದಿಲ್ಲವೆಂದು ಸೇರಿಸುತ್ತಾರೆ. ಆಗಲಿ, ನೋಡಿಕೊಂಡಿರುತ್ತೇವೆ ಎಂದು ನೌಕೆಯಿಂದ ಉತ್ತರ ಬರುತ್ತದೆ. ಅಕ್ಕಿ ಆರಿಸುತ್ತಿದ್ದ ನಮ್ಮಜ್ಜಿ ಕೇಳಿದ ಪ್ರಶ್ನೆಯನ್ನು ಜಗತ್ತಿನ ಶ್ರೇಷ್ಠ ತಂತ್ರಜ್ಞರು ಒಂದು ದಿನ ಮೊದಲೇ ಅಧಿಕೃತವಾಗಿ ಕೇಳಿ ದಾಖಲಿಸಿಟ್ಟಿದ್ದರು! ಚಿಕ್ಕಪ್ಪನವರು ತೀರಿಕೊಂಡು ಬಹಳ ಕಾಲವಾಯಿತು. ಬದುಕಿದ್ದಿದ್ದರೆ ಆ ಪುಟವನ್ನು ಪ್ರಿಂಟು ಹಾಕಿಸಿ, ಯಾವುದಾದರೂ ಮದುವೆಯ ಪಂಕ್ತಿಯಲ್ಲಿಯೇ ಅವರ ಎಲೆಯ ಪಕ್ಕದಲ್ಲಿಡುತ್ತಿದ್ದೆ.

ಮನುಷ್ಯನ ಮುಂದೆ ಮೈಕು ಇಟ್ಟೊಡನೆ ಅವನ ಬೆನ್ನು ನೆಟ್ಟಗಾಗುತ್ತದೆ, ಗಂಟಲು ಸರಿಯಾಗುತ್ತದೆ, ಭಾಷೆ ಶಾಲು ಹೊದೆಯುತ್ತದೆ. ಈ ಪ್ರಬಂಧವನ್ನೇ ನೋಡಿರಿ. ಇದನ್ನು ಬರೆಯುತ್ತಿರುವಾತ ಮನೆಯಲ್ಲಿ ಹೀಗೆ ಮಾತಾಡುವುದಿಲ್ಲವೆಂಬುದಕ್ಕೆ ಸಾಕ್ಷಿಗಳು ಬೇಕಾದಷ್ಟಿದ್ದಾರೆ. 1968ರ ಡಿಸೆಂಬರ್ 24ರಂದು ಅಪೊಲೊ 8ರ ಮೂವರು ಚಂದ್ರನನ್ನು ಸುತ್ತುತ್ತ ಲೋಕಕ್ಕೆಲ್ಲ ಕೇಳುವಂತೆ ಬೈಬಲಿನ ಸೃಷ್ಟಿಖಂಡವನ್ನು ಪಠಿಸಿದರು. ಗಂಭೀರವಾದ, ಉಚಿತವಾದ ಪಠನ. ಕೇಳಿ ಕಣ್ಣೀರಿಟ್ಟವರು ಅನೇಕರಂತೆ. ಅದೇ ದಿನ, ಅದಕ್ಕೆ ಮುಂಚೆ, ಚಂದ್ರನ ಅಂಚಿನಿಂದ ಭೂಮಿ ನೀಲಿಯಾಗಿ ಮೇಲೇಳುವುದನ್ನು ಬಿಲ್ ಆಂಡರ್ಸ್ ಆಕಸ್ಮಿಕವಾಗಿ ಕಂಡಾಗ ನೌಕೆಯೊಳಗಿನ ಮುದ್ರಣಯಂತ್ರವೊಂದು ತನ್ನ ಪಾಡಿಗೆ ತಿರುಗುತ್ತಿದ್ದಿತು. ಅದರಲ್ಲಿ ಉಳಿದಿರುವುದು ಪಠನವಲ್ಲ, ಗಲಿಬಿಲಿ. ಬಣ್ಣದ ಫಿಲ್ಮ್ ಎಲ್ಲಿ, ಬೇಗ ಕೊಡು, ಬೇಗ ಎಂದು ಆಂಡರ್ಸ್ ಹಾತೊರೆಯುತ್ತಾರೆ. ಅದು ಕಾರ್ಯಕ್ರಮಪಟ್ಟಿಯಲ್ಲಿಲ್ಲ, ತೆಗೆಯಬೇಡ ಎಂದು ದಳಪತಿ ಬೋರ್ಮನ್ ಹಾಸ್ಯ ಮಾಡುತ್ತಾರೆ. ಫಿಲ್ಮಿನ ಸುರುಳಿಗಾಗಿ ಹುಡುಕಾಟ ನಡೆಯುತ್ತದೆ. ಭೂಮಿ ಕಿಟಕಿಯಿಂದ ಜಾರುತ್ತದೆ. ಇನ್ನೊಂದು ಕಿಟಕಿಯಲ್ಲಿ ಸಿಕ್ಕುತ್ತದೆ. ಆ ಗಡಿಬಿಡಿಯಲ್ಲಿ ತೆಗೆದ ಚಿತ್ರವನ್ನು ಕಾಣದ ಮನೆ ಈಗ ಕಡಮೆ. ಪಠನವನ್ನೂ ಕೇಳಿದ್ದೇನೆ, ಗಲಿಬಿಲಿಯನ್ನೂ ಕೇಳಿದ್ದೇನೆ. ಎರಡರಲ್ಲಿ ಒಂದನ್ನು ಇಟ್ಟುಕೊಳ್ಳೆಂದರೆ ನಾನು ಗಲಿಬಿಲಿಯನ್ನೇ ಆರಿಸುವವನು.

ಇದಕ್ಕಿಂತಲೂ ಕೆಳಮಟ್ಟದ ದಾಖಲೆಗಳೂ ಇವೆ. 1969ರ ಮೇ ತಿಂಗಳಲ್ಲಿ ಹೋದ ಅಪೊಲೊ 10ರ ನೌಕೆಯೊಳಗೆ, ಭಾರವಿಲ್ಲದ ಆ ಸ್ಥಿತಿಯಲ್ಲಿ, ಹೆಸರಿಸಲಾಗದ ಪದಾರ್ಥವೊಂದು ತೇಲಿಬರಲಾಗಿ, ಬೇಗ ಕಾಗದ ಕೊಡಿರೆಂಬ ಕೂಗು, ಆಮೇಲೆ ಅದು ಯಾರದೆಂಬ ವಿಚಾರಣೆ, ಮೂವರೂ ತಮ್ಮದಲ್ಲವೆಂದು ಕೊಡುವ ಸಮಜಾಯಿಷಿ, ಇವೆಲ್ಲ ಸರ್ಕಾರಿ ಟೈಪಿನಲ್ಲಿ, ವೇಳೆಯ ನಮೂದಿನೊಡನೆ, ಉಳಿದು ಬಂದಿವೆ. ಇದನ್ನು ಓದಿ ನಾನು ಒಬ್ಬನೇ ನಗುತ್ತಿದ್ದಾಗ ಮೊಮ್ಮಗಳು ಬಂದು ಏನೆಂದು ಕೇಳಿದಳು, ಖಗೋಳಶಾಸ್ತ್ರವೆಂದೆ. ನಮ್ಮ ದೇಶದ ಅಂತರಿಕ್ಷ ಚರಿತ್ರೆಯೂ ಈ ವಿಷಯದಲ್ಲಿ ಹಿಂದೆ ಬಿದ್ದಿಲ್ಲ. ಉಡುಪಿಯ ಬಳಿಯ ಅದಮಾರಿನಲ್ಲಿ ಹುಟ್ಟಿದ ಯು.ಆರ್. ರಾಯರ ನೇತೃತ್ವದಲ್ಲಿ ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ಸಿದ್ಧವಾಗಿ, 1975ರ ಏಪ್ರಿಲ್ 19ರಂದು ಸೋವಿಯತ್ ನೆಲದಿಂದ ಮೇಲೇರಿದ ನಮ್ಮ ಪ್ರಥಮ ಉಪಗ್ರಹ ಆರ್ಯಭಟವು ಕಳಿಸಿದ ಮಾಹಿತಿಯನ್ನು ಬೆಂಗಳೂರಿನಲ್ಲಿ ಪಡೆಯುವುದಕ್ಕೆ ಜಾಗವಿಲ್ಲದೆ, ಒಂದು ಶೌಚಾಲಯವನ್ನೇ ಆ ಕೇಂದ್ರವನ್ನಾಗಿ ಮಾರ್ಪಡಿಸಿಕೊಂಡಿದ್ದರು. ಇದನ್ನು ಅವರು ಮರೆಮಾಚಲಿಲ್ಲ. ಅದಕ್ಕಾಗಿ ಅವರಿಗೆ ನಮಸ್ಕಾರ.

ಮಾತಿನ ವಿಷಯ ಹೀಗಾದರೆ ಚಿತ್ರದ ವಿಷಯ ಇನ್ನೊಂದು. ಈ ಭಂಡಾರಗಳಲ್ಲಿ ನಾನು ಬಹಳ ಹೊತ್ತು ನಿಂತು ನೋಡುವ ಚಿತ್ರ ಫೋಟೊ ಅಲ್ಲವೇ ಅಲ್ಲ. 1965ರ ಜುಲೈಯಲ್ಲಿ ಮ್ಯಾರಿನರ್ 4 ಎಂಬ ನೌಕೆ ಮಂಗಳಗ್ರಹದ ಪಕ್ಕದಲ್ಲಿ ಹಾದುಹೋಗುತ್ತ ಚಿತ್ರಗಳನ್ನು ತೆಗೆದು, ಟೇಪಿನಲ್ಲಿಟ್ಟುಕೊಂಡು, ಆಮೇಲೆ ನಿಧಾನವಾಗಿ ಭೂಮಿಗೆ ಕಳಿಸತೊಡಗಿತು. ನಿಧಾನವೆಂದರೆ ಸೆಕೆಂಡಿಗೆ ಎಂಟು ಚಿಲ್ಲರೆ ಬಿಟ್ಟುಗಳು. ಒಂದು ಚಿತ್ರ ಪೂರ್ತಿಯಾಗಿ ಬರಲು ಎಂಟು ಗಂಟೆಗೂ ಮೀರಿದ ಕಾಲ. ಬರುತ್ತಿದ್ದುದಾದರೂ ಬರಿಯ ಅಂಕಿಗಳು. ಅವನ್ನು ಯಂತ್ರ ಚಿತ್ರವಾಗಿ ಪರಿವರ್ತಿಸಬೇಕು. ಕ್ಯಾಲಿಫೋರ್ನಿಯದ ಜೆಟ್ ಪ್ರೊಪಲ್ಷನ್ ಪ್ರಯೋಗಾಲಯದಲ್ಲಿ ಟೇಪಿನ ಉಸ್ತುವಾರಿಯಿದ್ದ ರಿಚರ್ಡ್ ಗ್ರಮ್ ಮತ್ತು ಸಂಗಡಿಗರಿಗೆ ಅಷ್ಟು ತಾಳ್ಮೆ ಎಲ್ಲಿಯದು? ಅಂಕಿಗಳು ಅಚ್ಚಾದ ಕಾಗದದ ಪಟ್ಟಿಗಳನ್ನು ಒಂದರ ಪಕ್ಕಕ್ಕೊಂದು ಗೋಡೆಗೆ ಅಂಟಿಸಿದರು. ಬೂದುಬಣ್ಣದ ಛಾಯೆಗಳ ಸೀಮೆಸುಣ್ಣ ಬೇಕೆಂದು ಅಂಗಡಿಗೆ ಹೋದರೆ, ನಾವು ಸೀಮೆಸುಣ್ಣ ಮಾರುವವರಲ್ಲ, ಚಿತ್ರಕಾರರ ಪೇಸ್ಟೆಲ್ ಕಡ್ಡಿಗಳುಂಟು ಎಂದರಂತೆ. ಸರಿ, ಅದನ್ನೇ ತಂದು, ಇಂಥ ಅಂಕಿಗೆ ಇಂಥ ಬಣ್ಣವೆಂದು ಗೊತ್ತುಮಾಡಿಕೊಂಡು, ಕಂದು, ಕೆಂಪು, ಹಳದಿಗಳನ್ನು ಪಟ್ಟಿ ಪಟ್ಟಿಯಾಗಿ ತುಂಬುತ್ತ ಹೋದರು. ಹೀಗೆ, ಯಂತ್ರದ ಚಿತ್ರ ಸಿದ್ಧವಾಗುವ ಮೊದಲೇ, ಅನ್ಯಗ್ರಹವೊಂದನ್ನು ಹತ್ತಿರದಿಂದ ಕಂಡ ಮೊದಲ ನೋಟವು ಗೋಡೆಯ ಮೇಲೆ ಕೈಬರೆಹದಲ್ಲಿ ಮೂಡಿತು.

ಈ ಚಿತ್ರವನ್ನು ದೊಡ್ಡದು ಮಾಡಿ ನೋಡಿದರೆ ಬಣ್ಣದ ಹಿಂದೆ ಅಂಕಿಗಳು ಇಣುಕುತ್ತವೆ. ಕಡ್ಡಿಯನ್ನು ಒತ್ತಿ ತೀಡಿದ ಕಡೆ ದಟ್ಟ, ಅವಸರಪಟ್ಟ ಕಡೆ ತೆಳು. ಒಂದೊಂದು ಪಟ್ಟಿ ಪಕ್ಕದ್ದರ ಮೇಲೆ ಕೊಂಚ ಹತ್ತಿ ಕುಳಿತಿದೆ. ಮೇಲೆ ಕತ್ತಲೆ, ಅದರ ಕೆಳಗೆ ಓರೆಯಾಗಿ ಗ್ರಹದ ಅಂಚು. ಗೋಡೆಯ ಆ ಭಾಗವನ್ನೇ ಕತ್ತರಿಸಿ, ಚೌಕಟ್ಟು ಹಾಕಿಸಿ, ಪ್ರಯೋಗಾಲಯದ ನಿರ್ದೇಶಕರಾದ ವಿಲಿಯಂ ಪಿಕರಿಂಗರಿಗೆ ಉಡುಗೊರೆಯಾಗಿ ಕೊಟ್ಟರು. ಈಗ ಮಂಗಳದ ಮೇಲೆ ತಿರುಗುವ ಗಾಡಿಗಳು ಕಳಿಸುವ ಚಿತ್ರಗಳು ಬಂದ ಬಂದಂತೆ ಸಾರ್ವಜನಿಕರ ಮುಂದೆ ಬಂದು ಬೀಳುತ್ತವೆ. ಕಲ್ಲೂ ಮರಳೂ ಎಷ್ಟು ಸ್ಪಷ್ಟವೆಂದರೆ ಚಿತ್ರದುರ್ಗದ ಕಡೆ ಬಸ್ಸಿನ ಕಿಟಕಿಯಿಂದ ನೋಡಿದ ಹಾಗೆ. ಅವುಗಳಲ್ಲಿ ನನಗೆ ಬೇಸರವಿಲ್ಲ. ಆದರೂ ಪ್ರೀತಿ ಹುಟ್ಟುವುದು ಆ ತೀಡಿದ ಗೋಡೆಯ ಮೇಲೆಯೇ.

ಮನುಷ್ಯನ ಅವಸರ ಹೀಗೆ ಉಪಕಾರಿಯಾಗುವುದುಂಟು; ಮಿತವ್ಯಯವೆಂಬ ಸದ್ಗುಣ ಅಪಕಾರಿಯಾಗುವುದೂ ಉಂಟು. ಚಂದ್ರನಿಂದ ಅಪೊಲೊ 11ರ ಕ್ಯಾಮೆರಾ ಕಳಿಸಿದ ಟೆಲಿವಿಷನ್ ಚಿತ್ರ, ನಾವೆಲ್ಲ ನೋಡಿರುವ ಮಸುಕು ಚಿತ್ರಕ್ಕಿಂತ ಎಷ್ಟೋ ಮೇಲಾಗಿತ್ತು. ಆದರೆ ಅದು ಸೆಕೆಂಡಿಗೆ ಹತ್ತೇ ಚೌಕಟ್ಟುಗಳ ವಿಲಕ್ಷಣ ಪದ್ಧತಿಯದಾದ್ದರಿಂದ, ಪ್ರಸಾರಕ್ಕೆ ಹೊಂದಿಸಲು ಆಸ್ಟ್ರೇಲಿಯ ಮೊದಲಾದ ಕಡೆಯ ಕೇಂದ್ರಗಳಲ್ಲಿ ಒಂದು ಪರದೆಯ ಮೇಲೆ ಅದನ್ನು ಮೂಡಿಸಿ, ಆ ಪರದೆಯ ಎದುರು ಇನ್ನೊಂದು ಕ್ಯಾಮೆರಾ ಹಿಡಿದು ಲೋಕಕ್ಕೆ ತೋರಿಸಿದರು. ಮೂಲವು ಟೇಪುಗಳಲ್ಲಿ ಭದ್ರವಾಗಿದ್ದಿತು. ಮುಂದೆ ಹೊಸ ಟೇಪುಗಳ ಅಭಾವ ಬಂದಾಗ, ಹಳೆಯ ಟೇಪುಗಳನ್ನು ರಾಶಿರಾಶಿಯಾಗಿ ಅಳಿಸಿ ಮತ್ತೆ ಉಪಯೋಗಿಸಿದರು. ಅವುಗಳಲ್ಲಿ ಇವೂ ಹೋದವು. ವರ್ಷಗಟ್ಟಲೆ ಹುಡುಕಿ, 2009ರಲ್ಲಿ ನಾಸಾ ಇದನ್ನು ಒಪ್ಪಿಕೊಂಡಿತು. ಪ್ರಸಾರವಾದ ಪ್ರತಿಗಳಲ್ಲಿ ಚೆನ್ನಾಗಿ ಉಳಿದವನ್ನು ಆಯ್ದು, ಶುದ್ಧಿಮಾಡಿ, ಸಮಾಧಾನ ಪಟ್ಟುಕೊಳ್ಳಬೇಕಾಯಿತು. ಪಾಪ, ಅಳಿಸಿದವರ ಮೇಲೆ ನನಗೆ ಸಿಟ್ಟಿಲ್ಲ. ಹಳೆಯದರ ಮೇಲೆಯೇ ಹೊಸದನ್ನು ಮುದ್ರಿಸುವ ಜಾತಿಯವರು ನಾವೆಲ್ಲರೂ. ನಮ್ಮ ಮನೆಯಲ್ಲಿ ನಾಮಕರಣದ ಕ್ಯಾಸೆಟ್ಟಿನ ಮೇಲೆ ಯಾವುದೋ ಕ್ರಿಕೆಟ್ ಪಂದ್ಯದ ಅರ್ಧಭಾಗ ಕುಳಿತಿದೆ.

ಈ ಕತೆಯ ಪಕ್ಕದಲ್ಲಿಯೇ ನ್ಯಾನ್ಸಿ ಇವಾನ್ಸ್ ಎಂಬಾಕೆಯ ಕತೆಯನ್ನು ಇಡಬೇಕು. ಮನುಷ್ಯರು ಚಂದ್ರನಲ್ಲಿ ಇಳಿಯಲು ತಕ್ಕ ಜಾಗ ಹುಡುಕುವುದಕ್ಕಾಗಿ 1966 ಮತ್ತು 67ರಲ್ಲಿ ಲೂನಾರ್ ಆರ್ಬಿಟರ್ ಎಂಬ ಐದು ನೌಕೆಗಳು ಹೋಗಿದ್ದವು. ಅವು ಫಿಲ್ಮಿನಲ್ಲಿ ಚಿತ್ರ ತೆಗೆದು, ಅಲ್ಲಿಯೇ, ಚಂದ್ರನ ಸುತ್ತ ತಿರುಗುತ್ತಲೇ, ಫಿಲ್ಮನ್ನು ತೊಳೆದು, ಬೆಳಕಿನ ಕಿರಣದಿಂದ ಎಳೆ ಎಳೆಯಾಗಿ ಓದಿ, ಭೂಮಿಗೆ ಕಳಿಸಿದವು. ಸ್ಟುಡಿಯೋದವರಿಂದ ಮದುವೆಯ ಫೋಟೊ ತೊಳೆಸಿ ತರಲು ತಿಂಗಳುಗಟ್ಟಲೆ ಅಲೆದ ತಲೆಮಾರಿನವರಾದ ನಮಗೆ ಇದರ ಮಹಿಮೆ ಚೆನ್ನಾಗಿ ತಿಳಿಯುತ್ತದೆ. ಕೆಲಸ ಮುಗಿದ ಮೇಲೆ, ಅವು ಕಳಿಸಿದ್ದನ್ನು ಮುದ್ರಿಸಿಕೊಂಡಿದ್ದ ಸುಮಾರು 1,500 ಟೇಪುಗಳು ಯಾರಿಗೂ ಬೇಡವಾದವು. 1986ರಲ್ಲಿ, ಇವನ್ನು ವಿಲೇವಾರಿ ಮಾಡಬಹುದೆ ಎಂಬ ಪ್ರಶ್ನೆ ಜೆಟ್ ಪ್ರೊಪಲ್ಷನ್ ಪ್ರಯೋಗಾಲಯದಲ್ಲಿದ್ದ ನ್ಯಾನ್ಸಿ ಇವಾನ್ಸರ ಮುಂದೆ ಬಂದಿತು. ಆಕೆ ಒಪ್ಪಲಿಲ್ಲ. ಟೇಪಿದ್ದರೆ ಸಾಲದು, ಓದುವ ಯಂತ್ರವೂ ಬೇಕು. ಆಂಪೆಕ್ಸ್ ಎಫ್‌ಆರ್-900 ಎಂಬ ಆ ಆಳೆತ್ತರದ, ಅಪರೂಪದ ಯಂತ್ರಗಳನ್ನು ಎಲ್ಲಿಂದಲೋ ಸಂಪಾದಿಸಿ, ಇಡಲು ಬೇರೆ ಜಾಗವಿಲ್ಲದೆ ತನ್ನ ಮನೆಯ ಗ್ಯಾರೇಜಿನಲ್ಲಿ ತುಂಬಿಕೊಂಡರು. ಕಾರು ನಿಲ್ಲಬೇಕಾದ ಜಾಗದಲ್ಲಿ ಇಪ್ಪತ್ತು ವರ್ಷ ಅವು ನಿಂತಿದ್ದವು.

ಕಡೆಗೆ 2007ರ ಸುಮಾರಿಗೆ ಡೆನಿಸ್ ವಿಂಗೊ, ಕೀತ್ ಕೌವಿಂಗ್ ಎಂಬಿಬ್ಬರು ಆಕೆಯನ್ನು ಹುಡುಕಿಕೊಂಡು ಬಂದರು. ಯಂತ್ರ, ಟೇಪುಗಳನ್ನೆಲ್ಲ ನಾಸಾದ ಏಮ್ಸ್ ಕೇಂದ್ರದ ಆವರಣಕ್ಕೆ ಸಾಗಿಸಿದರೆ, ಅಲ್ಲಿ ಇವಕ್ಕೆ ಸಿಕ್ಕಿದ ಸ್ಥಳ ಯಾವುದೆಂದುಕೊಂಡಿರಿ? ಮುಚ್ಚಿಹೋಗಿದ್ದ ಮೆಕ್‌ಡೊನಾಲ್ಡ್ಸ್ ಫಲಾಹಾರಮಂದಿರ. ಬನ್ನು ಬೆಂದ ಜಾಗದಲ್ಲಿ ಕುಳಿತು ಯಂತ್ರಗಳ ಬಿಡಿಭಾಗಗಳನ್ನು ಒಂದರಿಂದ ಕಿತ್ತು ಇನ್ನೊಂದಕ್ಕೆ ಸೇರಿಸಿ, ಅವು ಮತ್ತೆ ತಿರುಗುವಂತೆ ಮಾಡಿ, 1966ರ ಆಗಸ್ಟ್ 23ರಂದು ಚಂದ್ರನ ಬಳಿಯಿಂದ ಮೊಟ್ಟಮೊದಲು ತೆಗೆದ ಭೂಮಿಯ ಚಿತ್ರವನ್ನು 2008ರ ನವೆಂಬರಿನಲ್ಲಿ ಹೊರತಂದರು. ಮೊದಲು ಅಚ್ಚಾದಾಗ ಗೆರೆಗೆರೆಯಾಗಿ ಮಂಕಾಗಿದ್ದ ಚಿತ್ರದಲ್ಲಿ ಈಗ ಮೋಡಗಳು ಬಿಡಿಬಿಡಿಯಾಗಿ ಕಾಣುತ್ತವೆ.

ಈ ಮಹಾತಾಯಿಯ ವೃತ್ತಾಂತವನ್ನು ನಾನು ಬಾಯಿಪಾಠ ಮಾಡಿಟ್ಟುಕೊಂಡಿರುವುದಕ್ಕೆ ಸ್ವಾರ್ಥವೂ ಒಂದು ಕಾರಣ. ಪ್ರತಿವರ್ಷ ಯುಗಾದಿಗೆ ಮುಂಚೆ ನಮ್ಮ ಮನೆಯಲ್ಲಿ ಅಟ್ಟ ಶುದ್ಧಿಯಾಗುತ್ತದೆ. ಹಳೇ ಪೇಪರಿನವನ ತಕ್ಕಡಿ ಬಾಗಿಲಿಗೆ ಬರುತ್ತದೆ. ನನ್ನ ತಗಡಿನ ಟ್ರಂಕಿನ ಮೇಲೆ ಎಲ್ಲರ ಕಣ್ಣು ಬೀಳುತ್ತದೆ. ಹೋದ ಸಲ ಆ ಟ್ರಂಕಿನ ಮೇಲೆ ಕುಳಿತು ನ್ಯಾನ್ಸಿ ಇವಾನ್ಸರ ಕತೆಯನ್ನು ಆದ್ಯಂತವಾಗಿ ನಿರೂಪಿಸಿದೆ. ಮನೆಯವರು ಪೊರಕೆಗೆ ಗಲ್ಲವೂರಿಕೊಂಡು ಪೂರ್ತಿ ಕೇಳಿದರು. ಕೇಳಿ, "ಆಕೆ ಇಟ್ಕೊಂಡಿದ್ದು ಚಂದ್ರನ ಚಿತ್ರ. ನೀವು ಇಟ್ಕೊಂಡಿರೋದು ಎಂಬತ್ತೇಳನೇ ಇಸವಿ ಕರೆಂಟು ಬಿಲ್ಲು. ಏಳಿ" ಎಂದರು. ತೂಕ ಹಾಕುವವನೂ ಅವರ ಪಕ್ಷವೇ. ಬಿಲ್ಲುಗಳು ಹೋದವು, ಕಾಗದಪತ್ರಗಳ ಒಂದು ಕಟ್ಟನ್ನು ಮಾತ್ರ ದಿಂಬಿನ ಕೆಳಗೆ ಸರಿಸಿ ಉಳಿಸಿಕೊಂಡೆ.

ಮೈಕಿನ ಮುಂದೆ ಮನುಷ್ಯ ಬದಲಾಗುವನೆಂದು ಹೇಳುತ್ತಿದ್ದೆ. ಇದಕ್ಕೆ ನಮ್ಮವರದೇ ಒಂದು ಪುರಾವೆ ಗ್ರಹಗಳನ್ನೆಲ್ಲ ದಾಟಿ ಆಚೆಗೆ ಹೋಗಿ ತಲುಪಿದೆ. 1977ರಲ್ಲಿ ಹಾರಿದ ಎರಡು ವಾಯೇಜರ್ ನೌಕೆಗಳಲ್ಲಿಯೂ ಒಂದೊಂದು ಚಿನ್ನದ ಲೇಪದ ತಾಮ್ರದ ತಟ್ಟೆಯಿದೆ. ಅದರಲ್ಲಿ ಚಿತ್ರಗಳೂ ಸಂಗೀತವೂ, ಗೋವೆಯಲ್ಲಿ ಹುಟ್ಟಿದ ಕೇಸರಬಾಯಿ ಕೇರಕರರ ಭೈರವಿಯೂ, 55 ಭಾಷೆಗಳಲ್ಲಿ ಅಜ್ಞಾತ ಲೋಕದವರಿಗೆ ಹೇಳಿದ ಕುಶಲವಚನಗಳೂ ಸೇರಿವೆ. ಆ ಕುಶಲವಚನಗಳನ್ನು ನಾಸಾ 2015ರಲ್ಲಿ ಎಲ್ಲರೂ ಕೇಳುವಂತೆ ಬಿಡಿಬಿಡಿಯಾಗಿ ಹೊರಗಿಟ್ಟಿತು. ಆ ಐವತ್ತೈದರಲ್ಲಿ ಕನ್ನಡವೂ ಇದೆಯೆಂದು ತಿಳಿದಂದು ನನಗಾದ ಹೆಮ್ಮೆ ಅಷ್ಟಿಷ್ಟಲ್ಲ. ಬಾಗಿಲು ಹಾಕಿಕೊಂಡು ಕೇಳಿದೆ. ಗಂಡಸಿನ ಧ್ವನಿ, ನಮಸ್ತೆ ಎಂದು ತೊಡಗಿ, ಕನ್ನಡಿಗರ ಪರವಾಗಿ ಶುಭಾಶಯಗಳನ್ನು ಹೇಳಿ ಮುಗಿಯುತ್ತದೆ. ಕೆಲವೇ ಕ್ಷಣ. ಹಾರ ಹಾಕಿಸಿಕೊಳ್ಳುವ ಮುಂಚೆ ಸ್ವಾಗತಸಮಿತಿಯ ಕಾರ್ಯದರ್ಶಿಗಳು ನಿಂತು ಹೇಳುವ ಮಾತೇ ಇದು. ತಪ್ಪೇನೂ ಇಲ್ಲ, ಆ ಜಾಗದಲ್ಲಿ ನನ್ನನ್ನು ನಿಲ್ಲಿಸಿದ್ದರೆ 'ಸನ್ಮಾನ್ಯ ಅನ್ಯಲೋಕವಾಸಿಗಳೇ' ಎಂದು ತೊಡಗಿ, ಸಮಯ ಮೀರಿ, ಕೈಹಿಡಿದು ಇಳಿಸಬೇಕಾಗುತ್ತಿತ್ತು.

ಮಾತಾಡಿದವರಿಗೆ ಕೊಟ್ಟಿದ್ದ ಸೂಚನೆ ಇಷ್ಟೇ: ಅನ್ಯಲೋಕದವರಿಗೆ ಒಂದು ವಂದನೆ ಹೇಳಿರಿ, ಸಂಕ್ಷಿಪ್ತವಾಗಿರಲಿ, ಏನು ಹೇಳಬೇಕೆಂಬುದು ನಿಮಗೆ ಬಿಟ್ಟದ್ದು. ಬಹುಮಂದಿ ನಮ್ಮವರಂತೆಯೇ ಶಾಂತಿ, ಶುಭ ಎಂದು ಸಭಾಮರ್ಯಾದೆ ಕಾದುಕೊಂಡಿದ್ದಾರೆ. ಚೀನದ ಅಮಾಯ್ ಪ್ರಾಂತದ ಮಾತಿನಲ್ಲಿ ಒಬ್ಬಾಕೆ ಮಾತ್ರ, ಅಂತರಿಕ್ಷದ ಗೆಳೆಯರೇ, ಎಲ್ಲ ಹೇಗಿದ್ದೀರಿ, ಊಟವಾಯಿತೆ, ಬಿಡುವಿದ್ದರೆ ನಮ್ಮಲ್ಲಿಗೆ ಬಂದುಹೋಗಿ ಎಂದು ಕೇಳಿದ್ದಾರೆ. ನನ್ನ ಎದೆ ಧಸಕ್ಕೆಂದಿತು. ಬೆಳಗಿನಿಂದ ರಾತ್ರಿಯವರೆಗೆ ಕಂಡಕಂಡವರನ್ನು ಊಟ ಆಯ್ತಾ ಎಂದು ಕೇಳುತ್ತಲೇ ಬದುಕುವವರು ನಾವು. ಫೋನಿನಲ್ಲಿ ಮೊದಲು ಕೇಳುವುದು ಅದು, ಸಾವಿನ ಮನೆಯಲ್ಲಿಯೂ ಕಡೆಗೆ ಕೇಳುವುದು ಅದು. ಆ ಪ್ರಶ್ನೆಯನ್ನು ನಕ್ಷತ್ರಗಳಿಗೆ ಕೇಳುವ ಅವಕಾಶ ಬಂದಾಗ ನಾವು ಶುಭಾಶಯ ಹೇಳಿ ಕುಳಿತುಬಿಟ್ಟೆವು. ಅಮಾಯಿನ ಆ ಹೆಣ್ಣುಮಗಳು ಕೇಳಿಯೇಬಿಟ್ಟಳು. ಯಾರಾದರೂ ಕೇಳಿದರಲ್ಲ, ಸಾಕು.

ಬೆಂಗಳೂರಿನ ಹೊರವಲಯದ ಬ್ಯಾಲಾಳು ಗ್ರಾಮದಲ್ಲಿ 32 ಮೀಟರ್ ಅಗಲದ ನಮ್ಮ ಆಂಟೆನಾ 2008ರ ಚಂದ್ರಯಾನದ ಕಾಲದಿಂದ ಆಕಾಶಕ್ಕೆ ಮುಖವೊಡ್ಡಿ ಕೆಲಸ ಮಾಡುತ್ತಿದೆ. ಅಲ್ಲಿಯೇ ಇರುವ ದತ್ತಾಂಶ ಕೇಂದ್ರವು ಚಂದ್ರಯಾನ, ಮಂಗಳಯಾನಗಳು ಕಳಿಸಿದ ಚಿತ್ರಗಳನ್ನೂ ಅಳತೆಗಳನ್ನೂ, ಹೆಸರು ಬರೆಸಿ ಕೇಳಿದವರಿಗೆಲ್ಲ ಒದಗಿಸುತ್ತದೆ. ಇದು ಚಿಕ್ಕ ಸಂಗತಿಯಲ್ಲ. ಅಲ್ಲಿನ ಚಿತ್ರಗಳಲ್ಲಿ ಮೊಲವನ್ನು ನಾನು ಹುಡುಕಿಯೂ ನೋಡಿದ್ದೇನೆ. ಆದರೆ ಯಂತ್ರಗಳು ಕಳಿಸಿದ್ದನ್ನು ಯಂತ್ರಗಳೇ ಕಾದಿಡುತ್ತವೆ. ಮನುಷ್ಯರ ಮಾತನ್ನು ಮನುಷ್ಯರೇ ಕಾಯಬೇಕು. ಪೀಣ್ಯದ ಆ ಶೆಡ್ಡುಗಳಲ್ಲಿ ದುಡಿದವರೂ, ಆರ್ಯಭಟದ ಮೊದಲ ಸಂಜ್ಞೆಯನ್ನು ಆ ಪುಟ್ಟ ಕೊಠಡಿಯಲ್ಲಿ ಕಾದು ಕೇಳಿದವರೂ, ಅವರಿಗೆ ಕ್ಯಾಂಟೀನಿನಿಂದ ಕಾಫಿ ತಂದುಕೊಟ್ಟವರೂ ಈಗ ಎಂಬತ್ತರ ಅಕ್ಕಪಕ್ಕದಲ್ಲಿರಬೇಕು. ಇದನ್ನು ಓದುವವರಲ್ಲಿ ಅಂಥವರ ಮಕ್ಕಳೋ ಸೊಸೆಯಂದಿರೋ ಇದ್ದರೆ ನನ್ನದೊಂದು ವಿಜ್ಞಾಪನೆ: ಮನೆ ಬದಲಿಸುವಾಗ, ಅಟ್ಟ ತೆಗೆಯುವಾಗ, ಹಳೆಯ ಟೇಪು, ದಿನಚರಿ, ಫೋಟೊ ಏನು ಸಿಕ್ಕಿದರೂ ತಕ್ಕಡಿಗೆ ಹಾಕಬೇಡಿ, ಹಿರಿಯರು ಮಾತಾಡುವ ಸ್ಥಿತಿಯಲ್ಲಿದ್ದರೆ ಎದುರಿಗೆ ಕುಳಿತು ಮುದ್ರಿಸಿಕೊಳ್ಳಿ. ಮತ್ತು ಚೆನ್ನಾಗಿ ಬಂದದ್ದನ್ನು ಮಾತ್ರ ಆರಿಸಿಡುವ ಬುದ್ಧಿ ಬೇಡ. ಬೆರಳು ಅಡ್ಡ ಬಂದ ಫೋಟೊವೂ ಇರಲಿ.